ಕೊನೆಯ ಸೆಮಿಸ್ಟರಿನ ಲೆಕ್ಕ

ವಿನ್ಯಾಸ ಶಾಸ್ತ್ರದ ನಾಲ್ಕು ವರ್ಷಗಳ ಪದವಿಯಲ್ಲಿ ಕೊನೆಯ ಸೆಮಿಸ್ಟರು ಸಾಮಾನ್ಯವಾಗಿ ಒಂದೇ ಕಾರ್ಯಕ್ಕೆ ಮೀಸಲು. ವಿದ್ಯಾರ್ಥಿಯು ತರಗತಿಯಿಂದ ಹೊರಬಂದು, ಲೋಕದ ಒಂದು ನೈಜ ಅಗತ್ಯವನ್ನು ಆರಿಸಿಕೊಂಡು, ಅದಕ್ಕೆ ತಕ್ಕ ವಸ್ತುವನ್ನು ರೂಪಿಸಿ, ಮಾದರಿಯನ್ನೂ ವರದಿಯನ್ನೂ ಪರೀಕ್ಷಕರ ಮುಂದಿರಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಹಿಂದೆ ಇದನ್ನು ಡಿಪ್ಲೊಮಾ ಪ್ರಾಜೆಕ್ಟ್ ಎನ್ನುತ್ತಿದ್ದರು. ಬೆಂಗಳೂರಿನಲ್ಲಿ 1996ರಲ್ಲಿ ಸೃಷ್ಟಿ, 1997ರಲ್ಲಿ ನಿಫ್ಟ್ ಆರಂಭವಾದ ಮೇಲೆ ವಿನ್ಯಾಸ ವಿದ್ಯೆ ಕನ್ನಡನಾಡಿನ ಮನೆಗಳಿಗೂ ಪರಿಚಿತವಾಯಿತು. ಅಂಥ ವಿದ್ಯಾರ್ಥಿಗಳಿಗೆ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ದೂರದ ಚನ್ನಪಟ್ಟಣವು ತೆರೆದ ಪಾಠಶಾಲೆಯಂತಿದೆ.

ಅಲ್ಲಿಗೆ ಬಂದವರಿಗೆ ಮೊದಲ ಪಾಠ ಕಲಿಸುವುದು ಯಂತ್ರವೇ. ಲೇತಿನ ಮೇಲೆ ತಿರುಗುವ ಹಾಲೆ ಮರದ ತುಂಡಿಗೆ ಉಳಿ ಹಿಡಿದರೆ ಹುಟ್ಟುವುದು ದುಂಡನೆಯ ಆಕಾರ ಮಾತ್ರ. ಕಂಪ್ಯೂಟರಿನ ಪರದೆಯ ಮೇಲೆ ಬರೆದ ಮೂಲೆಗಳೂ ಏಣುಗಳೂ ಅಲ್ಲಿ ನಿಲ್ಲುವುದಿಲ್ಲ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಒಣಗಿದ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದು ಯಾವ ನಕ್ಷೆಯಲ್ಲಿಯೂ ಇಲ್ಲ. ಮರ ಹಸಿಯಾಗಿದ್ದರೆ ಮುಂದೆ ಸೀಳುವುದೆಂದು ಹೇಳಬಲ್ಲವನೂ ಕುಶಲಕರ್ಮಿಯೇ. ಹೀಗೆ ವಿದ್ಯಾರ್ಥಿಯ ಮೊದಲ ನಕ್ಷೆಗೂ ಕೊನೆಯ ಮಾದರಿಗೂ ನಡುವೆ ಆಗುವ ತಿದ್ದುಪಡಿಗಳಲ್ಲಿ ಬಹುಭಾಗ ಉಳಿ ಹಿಡಿದವನ ಸಲಹೆಯಿಂದ ಆದದ್ದು. ವರದಿಯಲ್ಲಿ ಮಾತ್ರ ಅದು ‘ಕುಶಲಕರ್ಮಿಗಳ ಸಹಕಾರದಿಂದ’ ಎಂಬ ಒಂದು ಕೃತಜ್ಞತೆಯ ವಾಕ್ಯವಾಗಿ ಸಂಕ್ಷೇಪಗೊಳ್ಳುವುದುಂಟು.

ವ್ಯಾಪಾರದಲ್ಲಿ ಪಳಗಿದವರಿಗೆ ಇದು ಅಪೂರ್ಣ ಲೆಕ್ಕವೆಂದು ಕೂಡಲೇ ತಿಳಿಯುತ್ತದೆ. ಜಮೆ ಬರೆದು ಖರ್ಚು ಬಿಟ್ಟ ಪುಸ್ತಕವನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪಲಾರ. ಕೆಟ್ಟುಹೋದ ಮಾದರಿಗಳ ಮರ ಯಾರದು? ಆ ದಿನಗಳ ಕೂಲಿಯನ್ನು ಯಾರು ಕೊಟ್ಟರು? ಪರೀಕ್ಷಕ ಮಂಡಳಿಯು ಬಣ್ಣ, ರೂಪ, ಉಪಯೋಗಗಳನ್ನು ಕುರಿತು ಗಂಟೆಗಟ್ಟಲೆ ಚರ್ಚಿಸುವಾಗ ಈ ಎರಡು ಪ್ರಶ್ನೆಗಳಿಗೂ ಐದು ನಿಮಿಷ ಮೀಸಲಿಡಬಾರದೇಕೆ?

ಭಾರತ ಸರ್ಕಾರದ ಆಹ್ವಾನದ ಮೇಲೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಬರೆದ ವರದಿಯೇ 1961ರಲ್ಲಿ ಅಹಮದಾಬಾದಿನ ಸಂಸ್ಥೆಯ ಸ್ಥಾಪನೆಗೆ ಪ್ರೇರಣೆ. ತಾವು ಈ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿದ್ದು ನೀರಿನ ಲೋಟಾವನ್ನು. ಅದನ್ನು ರೂಪಿಸಿದವನು ಒಬ್ಬನಲ್ಲ, ತಲೆಮಾರುಗಳ ಕೈಗಳು. ವಿನ್ಯಾಸ ಶಿಕ್ಷಣದ ಮೂಲ ದಾಖಲೆಯೇ ಹೆಸರಿಲ್ಲದ ಕರ್ತೃಗಳಿಗೆ ಇಂಥ ಗೌರವ ಸಲ್ಲಿಸಿರುವಾಗ, ಅದರ ಫಲವಾಗಿ ಹುಟ್ಟಿದ ವಿದ್ಯೆಯ ಕೊನೆಯ ಪರೀಕ್ಷೆ ಒಬ್ಬನ ಹೆಸರಿಗೆ ಮಾತ್ರ ಅಂಕ ಕೊಡುವುದು ವಿಚಿತ್ರವೇ ಸರಿ. ಚನ್ನಪಟ್ಟಣದ ಕಸುಬಿನ ಚರಿತ್ರೆಯಲ್ಲಿಯೂ ಹೆಸರಿನಿಂದ ನೆನಪಾಗುವವರು ಬಾವಾಸ್ ಮಿಯಾ ಅವರಂಥ ಒಬ್ಬಿಬ್ಬರು ಮಾತ್ರ.

ಈ ವಿಷಯಕ್ಕೆ ಕಾನೂನಿನ ಮುಖವೊಂದಿದೆ. 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ಚನ್ನಪಟ್ಟಣದ ಗೊಂಬೆಗಳಿಗೆ 2005-06ರಲ್ಲಿ ನೋಂದಣಿ ದೊರೆಯಿತು. ಅದು ಕಾಯುವುದು ಊರಿನ ಹೆಸರನ್ನು, ಹೊಸ ಆಕೃತಿಯನ್ನಲ್ಲ. ಆಕೃತಿಯನ್ನು ಕಾಯುವುದು 2000ದ ವಿನ್ಯಾಸ ಕಾಯ್ದೆ: ನೋಂದಾಯಿಸಿದವರಿಗೆ 10 ವರ್ಷ, ವಿಸ್ತರಿಸಿಕೊಂಡರೆ ಮತ್ತೆ 5 ವರ್ಷ ಏಕಸ್ವಾಮ್ಯ. ವಿದ್ಯಾರ್ಥಿಯೊಬ್ಬನೇ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡನೆನ್ನಿ. ಆ ಗೊಂಬೆಯನ್ನು ಮೊದಲು ಕಡೆದ ಕೈಯೇ ಅನುಮತಿಯಿಲ್ಲದೆ ಅದನ್ನು ಕಡೆದು ಮಾರುವಂತಿಲ್ಲ. ಅಸ್ತೇಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ನಕಲಿಯನ್ನು ಅಸಲಿಯೆಂದು ಮಾರುವುದನ್ನು, ಉಮಾಸ್ವಾಮಿಗಳು ಎಣಿಸಿದ್ದಾರೆ. ಅಗ್ಗದ ಪ್ಲಾಸ್ಟಿಕ್ಕಿನ ನಕಲುಗಾರನನ್ನು ಎಲ್ಲರೂ ಸುಲಭವಾಗಿ ಗುರುತಿಸುತ್ತಾರೆ. ಇಬ್ಬರ ಕೃತಿಯನ್ನು ಒಬ್ಬನದೆಂದು ಬರೆಯುವುದು ಅದೇ ಪಂಕ್ತಿಗೆ ಸೇರದೆ?

ಇನ್ನೊಂದು ಖರ್ಚು ಲೆಕ್ಕಕ್ಕೆ ಬರುವುದೇ ಇಲ್ಲ. ಇಂಥ ವರದಿಗಳಲ್ಲಿ ಅರಗನ್ನು ‘ನೈಸರ್ಗಿಕ’, ‘ನಿರಪಾಯಕರ’ ಎಂದು ವರ್ಣಿಸುವುದು ವಾಡಿಕೆ. ಗೊಂಬೆಯನ್ನು ಬಾಯಿಗಿಡುವ ಕೂಸಿನ ದೃಷ್ಟಿಯಿಂದ, ಸೀಸ ಬೆರೆತ ಬಣ್ಣದೊಡನೆ ಹೋಲಿಸಿದಾಗ, ಅದು ಮೆಚ್ಚತಕ್ಕದ್ದೇ. ಆದರೆ ಅರಗು ಮರದ ಅಂಟಲ್ಲ. ಮುತ್ತುಗ, ಕುಸುಮ, ಬೋರೆ ಮರಗಳ ರೆಂಬೆಗಳಲ್ಲಿ ನೆಲಸಿದ ಸೂಕ್ಷ್ಮ ಕೀಟಗಳು ಸ್ರವಿಸಿದ ಹೊದಿಕೆ ಅದು. ರೆಂಬೆ ಕೆರೆದು ಅರಗು ತೆಗೆಯುವಾಗ ಅಸಂಖ್ಯ ಜೀವಿಗಳು ಅದರೊಡನೆಯೇ ನಾಶವಾಗುತ್ತವೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಜೀವಿಕೆಗಳ ನಡುವೆ ಲಾಕ್ಷಾವಾಣಿಜ್ಯವನ್ನು ಸೇರಿಸಿದ್ದು ಇದೇ ಕಾರಣಕ್ಕೆ. ಇದಕ್ಕಾಗಿ ಹೊಟ್ಟೆಪಾಡಿನ ಕುಶಲಕರ್ಮಿಯನ್ನು ದೂಷಿಸುವುದು ಅವಿವೇಕ. ವಿದ್ಯಾರ್ಥಿಯಿಂದ ಬಯಸಬಹುದಾದದ್ದು ಇಷ್ಟೇ: ಸಾಮಗ್ರಿಯ ಅಧ್ಯಾಯದಲ್ಲಿ ಅರಗಿನ ಹುಟ್ಟನ್ನು ಮರೆಮಾಚದೆ ಬರೆಯಲಿ, ಅರಗಿಲ್ಲದೆ ಮರದ ಸಹಜ ಬಣ್ಣದಲ್ಲೇ ಬಿಡಬಹುದಾದ ಭಾಗ ಯಾವುದೆಂದು ಒಮ್ಮೆ ಪ್ರಯೋಗಿಸಲಿ. ಹಾಲೆ ಮರದ ದಂತದಂಥ ಬಿಳುಪಿಗೆ ತನ್ನದೇ ಸೊಬಗಿದೆ. ಪದವಿಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ.

ಪರೀಕ್ಷೆ ಮುಗಿದ ಮೇಲೆ ವರದಿಯು ಗ್ರಂಥಾಲಯವನ್ನು ಸೇರುತ್ತದೆ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಚನ್ನಪಟ್ಟಣದ ಕಾರ್ಖಾನೆಗಳ ಮಾತು ಕನ್ನಡ, ಉರ್ದು. ಪ್ರತಿಯೊಂದು ಭಾಗದ ಅಳತೆ, ದಪ್ಪವನ್ನು ಸರಿನೋಡಲು ತಗಡಿನಲ್ಲಿ ಕತ್ತರಿಸಿದ ಅಚ್ಚು, ಮರಕ್ಕೂ ಅರಗಿಗೂ ಕೂಲಿಗೂ ತಗಲುವ ವೆಚ್ಚ, ಕಡೆದವನ ಹೆಸರು, ನೋಂದಣಿಯಾದರೆ ಅದರಲ್ಲಿ ಅವನಿಗೆ ಸಲ್ಲುವ ಪಾಲು, ಇಷ್ಟನ್ನು ಕನ್ನಡದಲ್ಲಿ ನಾಲ್ಕು ಪುಟಗಳಲ್ಲಿ ಬರೆದು ಇಬ್ಬರೂ ರುಜು ಹಾಕಿ, ಒಂದು ಪ್ರತಿಯನ್ನು ಆ ಲೇತಿನ ಪಕ್ಕದ ಗೋಡೆಗೆ ತೂಗುಹಾಕಿ ಬರಬಹುದು. ರಟ್ಟಿನ ಬೈಂಡು ಹಾಕಿಸಲು ತಗಲುವ ಹಣಕ್ಕಿಂತ ಇದಕ್ಕೆ ಹೆಚ್ಚು ಬೇಕಾಗದು.