ಗುಜರಿ ಬಸವ

"ಮುಟ್ಟಬೇಡಿ" ಎಂಬ ಬೋರ್ಡು ಕಂಡರೆ ನನಗೆ ಮೊದಲು ಸಿಟ್ಟು ಬರುತ್ತದೆ, ಅದರ ಹಿಂದೆಯೇ ಮುಟ್ಟುವ ಆಸೆ. ಇವತ್ತು ಬೆಳಿಗ್ಗೆ ಎರಡೂ ಒಟ್ಟಿಗೇ ಬಂದವು. ಬಳ್ಳಾರಿಯ ಬೈಪಾಸಿನಲ್ಲಿ ಹೊಸದಾಗಿ ಶುರುವಾದ ಹೋಟೆಲೊಂದರ ಅಂಗಳದಲ್ಲಿ ಗುಜರಿ ಕಬ್ಬಿಣದ ಎತ್ತು ನಿಲ್ಲಿಸಿದ್ದಾರೆ, ನೋಡುವಂತಿದೆ ಎಂದು ಸುದ್ದಿ. ಸಿರುಗುಪ್ಪದಿಂದ ರೈಸ್ ಮಿಲ್ಲಿನ ಗೆಳೆಯ, ಕುರುಗೋಡಿನಿಂದ ಮೇಷ್ಟ್ರು, ಊರೊಳಗೇ ಜೀನ್ಸ್ ಹೊಲಿಸುವ ಇನ್ನೊಬ್ಬ, ಜೊತೆಗೆ ನಾನು. ಬಿಸಿಲೇರುವ ಮೊದಲೇ ಹೋಗಿ ನಿಂತೆವು.

ಎತ್ತು ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಜಗಳ ಎತ್ತಿನ ಮೇಲಲ್ಲ. ಕೊಂಬಿಗೆ ಬೈಕಿನ ಸೈಲೆನ್ಸರು, ಮಂಡಿಗೆ ಬೇರಿಂಗು, ಪಕ್ಕೆಲುಬಿಗೆ ಲಾರಿಯ ಕಮಾನು ಪಟ್ಟಿ. ಗಂಗೆದೊಗಲಿಗೆ ಸಾಲುಸಾಲಾಗಿ ಸೈಕಲ್ ಚೈನು ಇಳಿಬಿಟ್ಟಿದ್ದರು. ಗಾಳಿ ಬೀಸಿದಾಗ ಕಿಣಿಕಿಣಿ ಎನ್ನುತ್ತ ತೂಗುತ್ತಿತ್ತು. ಹೊಟ್ಟೆಯೊಳಗೆ ಇಣುಕಿದರೆ ಟ್ರ್ಯಾಕ್ಟರಿನ ಗೇರು. ಎತ್ತನ್ನು ಹೊಲದಿಂದ ಓಡಿಸಿದ ಯಂತ್ರದ ಕರುಳನ್ನೇ ತಂದು ಎತ್ತಿನ ಹೊಟ್ಟೆಗೆ ತುಂಬಿದ್ದು ಕಲಾವಿದನಿಗೆ ಹೊಳೆದು ಮಾಡಿದ್ದೋ, ಗುಜರಿಯಲ್ಲಿ ಸಿಕ್ಕಿದ್ದನ್ನು ಬೆಸೆದದ್ದೋ, ಕೇಳೋಣವೆಂದರೆ ಅವನಿರಲಿಲ್ಲ. ಕಾವಲುಗಾರನಿದ್ದ.

"ಲೇ, ಹಿಣಿಲು ನೋಡ್ರಲೇ! ನಮ್ಮ ಎಲಿವೇಟರಿನ ಬಕೆಟ್ಟು ಅದು" ಎಂದು ಮಿಲ್ಲಿನವನು ಕೈ ಚಾಚಿದ. ಭತ್ತವನ್ನು ಮೊಗೆದು ಮೊಗೆದು ಮೇಲಕ್ಕೊಯ್ದು ಸುರಿಯುವ ತಗಡಿನ ಬಟ್ಟಲು. ಅದರ ಅಂಚು ಯಾವ ಕಡೆ ಮೊದಲು ಸವೆಯುತ್ತದೆಂದು ಅವನ ಬೆರಳಿಗೆ ಗೊತ್ತು. ಅಷ್ಟರಲ್ಲಿ ಸೀಟಿ. ಸೀಟಿಯ ಹಿಂದೆ ಕಾವಲುಗಾರ, ಅವನು ಬೆರಳು ಮಾಡಿದ ಕಡೆ ಬೋರ್ಡು: ಕಲಾಕೃತಿಯನ್ನು ಮುಟ್ಟಬೇಡಿ, ಸೆಲ್ಫಿಗೆ ಅವಕಾಶವಿದೆ.

ಲಾರಿ ಬಂದು ಗುದ್ದಿದರೂ ಲಾರಿಗೇ ಪೆಟ್ಟಾಗುವಂಥ ಎತ್ತು ಅದು.

ಗುಜರಿ ಬೆಸೆದರೆ ಕಲೆಯಾಗುತ್ತದೆಯೇ ಎಂಬ ಪ್ರಶ್ನೆ ನನಗೆ ಬೇಡ. ಆಗುತ್ತದೆ, ಮುಂದಕ್ಕೆ ಹೋಗೋಣ. ಮೌರಿಜಿಯೊ ಕಟೆಲಾನ್ ಎಂಬ ಇಟಲಿಯ ಕಲಾವಿದ 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಒಂದು ಬಾಳೆಹಣ್ಣನ್ನು ಟೇಪು ಹಚ್ಚಿ ಗೋಡೆಗಂಟಿಸಿದ. ಅದೇ ಕೃತಿಯ ಇನ್ನೊಂದು ಪ್ರತಿ 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 62 ಲಕ್ಷ ಡಾಲರಿಗೂ ಮೇಲೆ ಹೋಯಿತು. ಕೊಂಡವನು ಕೆಲವೇ ದಿನಗಳಲ್ಲಿ ಹತ್ತು ಜನರೆದುರು ಸಿಪ್ಪೆ ಸುಲಿದು ತಿಂದ. ಜನ ನಕ್ಕರು. ನನಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಬಂತು. ದುಡ್ಡು ಅವನದು, ಹಾಗಿರಲಿ, ಕಲೆಯನ್ನು ಕೈಗೆತ್ತಿಕೊಂಡನಲ್ಲ!

ಈಗಿನ ಪ್ರದರ್ಶನಗಳಲ್ಲಿ ಕಣ್ಣಿಗೆ ಮಾತ್ರ ಪ್ರವೇಶ. ಕೈಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರಬೇಕು. ಆದರೆ ನನ್ನ ಈ ಗೆಳೆಯರಿಗೆ ತಿಳಿವಳಿಕೆ ಇರುವುದೇ ಕೈಯಲ್ಲಿ. ಮಿಲ್ಲಿನವನ ಬಳಿ ತೇವ ಅಳೆಯುವ ಮೀಟರಿದೆ. ಆದರೂ ರೈತ ತಂದ ಚೀಲದಿಂದ ಒಂದು ಕಾಳು ತೆಗೆದು ಹಲ್ಲಿಗಿಟ್ಟು, ಅದು 'ಕಟ್' ಎನ್ನುವ ತನಕ ರೇಟಿನ ಮಾತೆತ್ತುವುದಿಲ್ಲ. ಜೀನ್ಸಿನವನು ಥಾನಿನ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತೀಡಿ ಇದು ಹತ್ತು ಔನ್ಸು, ಇದು ಹನ್ನೆರಡು ಎನ್ನುತ್ತಾನೆ. ಇಂಥವರನ್ನು ನಾಲ್ಕಡಿ ದೂರ ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳಿ ಎಂದರೆ, ಊಟಕ್ಕೆ ಕರೆದು ಮೆನು ಕಾರ್ಡು ಓದಿಸಿ ಕಳಿಸಿದ ಹಾಗೆ.

ಹಂಪಿಯ ವಿಠ್ಠಲನ ಗುಡಿಯಲ್ಲೂ ಈಗ ಇದೇ ಕತೆ. ಒಂದು ಕಾಲಕ್ಕೆ ಗೈಡುಗಳು ಕಂಬ ತಟ್ಟಿ ಸ್ವರ ಕೇಳಿಸುತ್ತಿದ್ದರು. ಈಗ ತಟ್ಟುವಂತಿಲ್ಲ. ಲಕ್ಷ ಕೈ ತಟ್ಟಿದರೆ ಕಲ್ಲು ಉಳಿಯುವುದಿಲ್ಲ ಎಂಬುದು ನ್ಯಾಯವೇ. ನ್ಯಾಯವೆಂದ ಮಾತ್ರಕ್ಕೆ ನನಗೆ ಹಿಡಿಸಬೇಕೆಂದೇನೂ ಇಲ್ಲ.

"ಬಸವಣ್ಣನ್ನ ಮುಟ್ಟದ ನೋಡೋದು ಅಂದ್ರ ಹೆಂಗಪಾ?" ಎಂದರು ಮೇಷ್ಟ್ರು. ಕುರುಗೋಡಿನವರು ಹಾಗೆ ಕೇಳುವುದು ಸಹಜ. ಅವರೂರಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ನಂದಿ ಶಿವನ ಮುಂದೆ ಕಾದು ಕೂತ ವಾಹನವಲ್ಲ, ತಾನೇ ದೇವರು. ಆಳೆತ್ತರವನ್ನೂ ಮೀರಿ ಕೂತ ಏಕಶಿಲೆಯ ಬಸವ. ನನಗೆ ನೆನಪಾದದ್ದು ಅದಲ್ಲ, ನಮ್ಮೂರ ಈಶ್ವರನ ಗುಡಿಯ ಪುಟ್ಟ ನಂದಿ. ಅಜ್ಜಿ ಅದರ ಬೆನ್ನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯನ್ನು ಅದರ ಕಿವಿಗೆ ಅಡ್ಡ ಹಿಡಿದು ಒಳಗೆ ಏನೋ ಪಿಸುಗುಡುತ್ತಿದ್ದಳು. ಕೇಳಿದರೆ ಹೇಳುತ್ತಿರಲಿಲ್ಲ. ನಾನೂ ಗಣಿತದ ಪರೀಕ್ಷೆಯ ವಿಷಯ ಒಂದೆರಡು ಮಾತು ಹೇಳಿಕೊಂಡದ್ದುಂಟು. ಎಣ್ಣೆ ಜಿಡ್ಡಿನ ಆ ಕಲ್ಲಿನ ಕಿವಿ ತುಟಿಗೆ ತಣ್ಣಗೆ ತಗುಲುತ್ತಿತ್ತು. ಕುರುಗೋಡಿನ ಬಸವನಿಗೆ ಹಾಗೆ ಗುಟ್ಟು ಹೇಳಬೇಕೆಂದರೆ ಏಣಿ ಬೇಕು. ಅಲ್ಲಿಯ ಜನ ಗಟ್ಟಿಯಾಗೇ ಬೇಡಿಕೊಳ್ಳುತ್ತಾರೇನೋ.

ಬಸವನ ಮಾತು ಬಂದದ್ದೇ ಮೇಷ್ಟ್ರಿಗೆ ಹುರುಪು ಏರಿತು. ಕಾರನ್ನು ಕಪ್ಪಗಲ್ಲಿನ ಕಡೆ ತಿರುಗಿಸಿದರು. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲೇ ಸುತ್ತಿ ಕಲ್ಲುಕೊಡಲಿ ಹೆಕ್ಕಿದ್ದರು. ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲೇ ಇದೆ. ಅಲ್ಲಿ ಕೊಡಲಿಗಳು ಗಾಜಿನೊಳಗೆ ಸುಖವಾಗಿವೆ. ಆ ಗುಡ್ಡಗಳಲ್ಲೊಂದಾದ ಹಿರೇಗುಡ್ಡದ ನೆತ್ತಿಯಲ್ಲಿ ಮಾತ್ರ ಗಾಜಿಲ್ಲ. ಕಣಶಿಲೆಯ ಗುಡ್ಡವನ್ನು ಸೀಳಿಕೊಂಡು ಡಾಲರೈಟಿನ ಕರಿಬಂಡೆಗಳ ಸಾಲು ಹಾದಿದೆ. ಆ ಬಂಡೆಗಳ ಮೇಲೆಲ್ಲ ಎತ್ತುಗಳು: ಉದ್ದ ಕೊಂಬು, ಎದ್ದ ಹಿಣಿಲು. ಬಣ್ಣದಲ್ಲಿ ಬರೆದವಲ್ಲ, ಉಳಿಯಿಂದ ಕೆತ್ತಿದವೂ ಅಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ, ಮೇಲಿನ ಕರಿಪದರ ಎಬ್ಬಿಸಿ ಮಾಡಿದವು. ಎಷ್ಟೋ ಚಿತ್ರಗಳು ಕೈಗೆಟುಕದ ಜಾಗದಲ್ಲಿವೆ. ಬರೆದವನು ಮೇಲಿನಿಂದ ತಲೆಕೆಳಗಾಗಿ ನೇತಾಡಿದ್ದನೋ ಏನೋ. 1892ರಲ್ಲಿ ಫಾಸೆಟ್ ಎಂಬ ಇಂಗ್ಲಿಷರೊಬ್ಬರು ಇವುಗಳ ಬಗ್ಗೆ ಬರೆದರು. ಆಮೇಲೆ ಲೋಕ ಇವನ್ನು ಮರೆತೇಬಿಟ್ಟಿತ್ತು. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ವಿದ್ವಾಂಸೆ ಮತ್ತೆ ಬರೆದಾಗ ಒತ್ತಿ ಹೇಳಿದ್ದು ಚಿತ್ರದಷ್ಟೇ ಸದ್ದಿನ ವಿಷಯ.

ಕೆಲವು ಬಂಡೆಗಳ ಮೇಲೆ ಬಟ್ಟಲಿನಂಥ ನುಣುಪು ಗುಳಿಗಳಿವೆ. ಮೇಷ್ಟ್ರು ಅಲ್ಲೇ ಬಿದ್ದಿದ್ದ ಗುಂಡುಕಲ್ಲೊಂದನ್ನು ಎತ್ತಿ ಗುಳಿಗೆ ಮೆಲ್ಲಗೆ ಬಡಿದರು. ಠಣ್ಣೆಂದಿತು. ಕಲ್ಲಿನ ಸದ್ದಲ್ಲ, ಲೋಹದ್ದು. ಪಕ್ಕದ ಗುಳಿಗೆ ಬಡಿದರೆ ಬೇರೆ ಸ್ವರ. ಮಿಲ್ಲಿನವನು ಬಂಡೆಗೆ ಕಿವಿಗೊಟ್ಟು, "ಒಳಗ ಬಿರುಕಿಲ್ಲಪಾ, ಶಾಫ್ಟ್ ಚಲೋ ಐತಿ" ಎಂದು ಸರ್ಟಿಫಿಕೇಟು ಕೊಟ್ಟ. ಮೂರು-ನಾಲ್ಕು ಸಾವಿರ ವರ್ಷದ ಹಿಂದೆ ದನಗಾಹಿಗಳು ಕುಟ್ಟಿ ಕುಟ್ಟಿ ಆದ ಗುಳಿಗಳಿವು ಎನ್ನುತ್ತಾರೆ. ಇದು ನೋಡುವವರು ಬಡಿಯಲೆಂದೇ ಮಾಡಿದ ಕಲೆ. ಬಡಿಯದಿದ್ದರೆ ಅರ್ಧ ಕೃತಿ.

ಇಲ್ಲಿ ನನ್ನ ವಾದ ನನಗೇ ತಿರುಗಿ ಬಿತ್ತು. ಎತ್ತುಗಳ ನಡುವೆ ಈಚಿನವರು ತಮ್ಮ ಹೆಸರನ್ನೂ ಕುಟ್ಟಿಹೋಗಿದ್ದಾರೆ. ಈ ಗುಡ್ಡಗಳಿಗೆ ಕ್ವಾರಿಯ ಬಾಯಿಯೂ ತಾಗಿದೆ. ಮುಟ್ಟಿದರೆ ಏನೂ ಆಗದ ಕಬ್ಬಿಣದ ಎತ್ತಿಗೆ ಸೀಟಿ, ಬೋರ್ಡು, ಕಾವಲು. ಮುಟ್ಟಿದರೆ ಮುಗಿದೇ ಹೋಗುವ ಎತ್ತುಗಳ ಹತ್ತಿರ ನಾವು ನಾಲ್ವರು ಬಿಟ್ಟರೆ ನರಪಿಳ್ಳೆಯಿಲ್ಲ. ಬೈಪಾಸಿನ ಆ ಕಾವಲುಗಾರನನ್ನು ಇಲ್ಲಿಗೆ ವರ್ಗ ಮಾಡಿಸಬೇಕು ಎಂದೆ. "ಬಂದ ಮೇಲೆ ನಿನ್ನ ಕೈಯಾಗಿನ ಕಲ್ಲು ಮೊದಲು ಕಸಗೊಂತಾನ" ಎಂದ ಜೀನ್ಸಿನವನು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಹುಡುಕುವ ಮನಸ್ಸೂ ಇಲ್ಲ.

ಇಳಿಯುವಾಗ ಮೇಷ್ಟ್ರು ಬೂದಿದಿಬ್ಬದ ವಿಷಯ ತೆಗೆದರು. ಈ ದನಗಾಹಿಗಳು ಸೆಗಣಿ ರಾಶಿ ಹಾಕಿ, ರಾಶಿಗೆ ಬೆಂಕಿಯಿಟ್ಟು, ಮತ್ತೆ ರಾಶಿ ಹಾಕಿ ಮತ್ತೆ ಸುಟ್ಟು ಎಬ್ಬಿಸಿದ ದಿಬ್ಬಗಳು ಇಲ್ಲೂ ಇವೆ, ಹೊಸಪೇಟೆ ರಸ್ತೆಯ ಕುಡತಿನಿಯಲ್ಲೂ ಇವೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. 1963ರಲ್ಲಿ ಈ ದನಗಾಹಿಗಳ ಮೇಲೆಯೇ ಪುಸ್ತಕ ಬರೆದ ಆಲ್ಚಿನ್, ಸುಟ್ಟದ್ದು ಋತುಮಾನದ ಹಬ್ಬಕ್ಕೆಂದು ಊಹಿಸಿದರು. ನಾನಂತೂ ಒಪ್ಪಿಬಿಟ್ಟೆ. ಎತ್ತಿಗೆ ಹಬ್ಬ ಮಾಡುವುದು ಈ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಕಾರಹುಣ್ಣಿಮೆ ಮುಗಿದು ಅಮಾವಾಸ್ಯೆ ಬಂತೆಂದರೆ ಮನೆಮನೆಯಲ್ಲೂ ಮಣ್ಣೆತ್ತು. ಕೊಟ್ಟಿಗೆಯಲ್ಲಿ ಎತ್ತಿಲ್ಲದವರೂ ಜಗಲಿಯಲ್ಲಿ ಜೋಡಿ ಎತ್ತು ಕೂರಿಸುತ್ತಾರೆ. ನಾವು ಮಾಡುತ್ತಿದ್ದಾಗ ಒಣಗುವ ಹೊತ್ತಿಗೆ ಕೊಂಬು ಬಿರಿದು ಉದುರುತ್ತಿತ್ತು, ಸಂಜೆಗೆ ಒಂಟಿಕೊಂಬಿನ ಎತ್ತಿಗೇ ಹೋಳಿಗೆ ನೈವೇದ್ಯ.

"ಬರೀ ಎರೆಮಣ್ಣು ತಗಂಡ್ರ ಬಿರೀದ ಏನಾಗ್ತತಿ? ಅರಳೆ ಕಲಸಬೇಕು" ಎಂದರು ಮೇಷ್ಟ್ರು. ಅರಳೆಯಲ್ಲ, ಭತ್ತದ ಉಮಿ ಎಂದ ಮಿಲ್ಲಿನವನು; ಈ ಸಲ ಬೇಕಾದರೆ ಒಂದು ಚೀಲ ಕಳಿಸುತ್ತಾನಂತೆ. ಜೀನ್ಸಿನವನ ಪ್ರಕಾರ ಕಿವಿಗೆ ಡೆನಿಮ್ಮಿನ ಚೂರು ಸಿಕ್ಕಿಸಿದರೆ ಮಳೆಗೂ ಜಗ್ಗುವುದಿಲ್ಲ. ಸಂಗನಕಲ್ಲು ದಾಟಿ ಮಿರ್ಚಿ ಅಂಗಡಿಯ ಮುಂದೆ ಕಾರು ನಿಂತರೂ ಮೇಷ್ಟ್ರು ಇಬ್ಬರನ್ನೂ ಒಪ್ಪಿರಲಿಲ್ಲ.