ಗುಜರಿಯಲ್ಲಿ ಸಿಕ್ಕ ಕಹಳೆ

1998ರ ಮಳೆಗಾಲ. ವಾಸ್ಕೋದ ರೈಲುಹಳಿಯ ಪಕ್ಕದಲ್ಲಿ ನಮ್ಮ ಗದಗ ಸೀಮೆಯವರೊಬ್ಬರ ಗುಜರಿ ಅಂಗಡಿಯಿತ್ತು. ಶಾಲೆ ಬಿಟ್ಟ ಮೇಲೆ ಹಳೆಯ ಪುಸ್ತಕಗಳ ಆಸೆಗೆ ನಾನು ಅಲ್ಲಿಗೆ ಹೋಗುವುದು ರೂಢಿ. ಅಂದು ಅವರು ತಗಡಿನ ಟ್ರಂಕೊಂದನ್ನು ಮುಂದೆ ಸರಿಸಿ, "ಮಾಸ್ತರ್ರ, ಹಾಡಿನ ತಟ್ಟಿ ಅದಾವ ನೋಡ್ರಿ. ಕಬ್ಬಿಣಲ್ಲ, ಪ್ಲಾಸ್ಟಿಕ್ಕಲ್ಲ. ಯಾವ ತೂಕಕ್ಕ ಹಾಕ್ಲಿ ಇವನ್ನ?" ಎಂದು ಕೇಳಿದರು. ಒಳಗೆ ಹನ್ನೆರಡು ತಟ್ಟೆಗಳಿದ್ದವು. ಚಹಾದ ದುಡ್ಡಿಗಿಂತ ತುಸು ಹೆಚ್ಚು ಕೊಟ್ಟು ಟ್ರಂಕನ್ನೇ ಹೊತ್ತು ತಂದೆ. ನನ್ನ ಸಂಗ್ರಹದ ಹುಚ್ಚು ಹೀಗೆ ಆರಂಭವಾಯಿತು.

ಅವು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳು. 1948ರಲ್ಲಿ ವಿನೈಲ್‌ನ ಎಲ್‌ಪಿ ಬರುವ ಮೊದಲು ತಟ್ಟೆಗಳನ್ನು ಮುಖ್ಯವಾಗಿ ಅರಗು ಮತ್ತು ಕಲ್ಲಿನ ಪುಡಿ ಕಲಸಿ ಒತ್ತುತ್ತಿದ್ದರು. ಆ ಅರಗಿನ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದಲೇ. ಪಾಂಡವರಿಗೆ ಕಟ್ಟಿದ ಅರಗಿನ ಮನೆ ಬೆಂಕಿಗೆ ಹೋಯಿತು. ಅರಗಿನ ತಟ್ಟೆಗೆ ಒಂದು ಸಲ ಕೈಜಾರಿದರೆ ಸಾಕು. ಗೋವಾದ ಮಳೆಗಾಲವಂತೂ ಅದಕ್ಕೆ ಕಡುವೈರಿ. ಗೆರೆಗೆರೆಯೊಳಗೂ ಬಿಳಿ ಬೂಷ್ಟು ಹಿಡಿಯುತ್ತದೆ. ಸ್ಪಿರಿಟ್ಟು ಹಾಕಿದರೆ ಅರಗೇ ಕರಗುತ್ತದೆ. ತಣ್ಣೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ನಡುವಿನ ಕಾಗದ ನೆನೆಯದಂತೆ ಒರೆಸಬೇಕು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ಇವನ್ನೆಲ್ಲ ನಾನು ಕಲಿತದ್ದು ಎರಡು ತಟ್ಟೆಗಳನ್ನು ಹಾಳುಮಾಡಿದ ಮೇಲೆ.

ಮಡಗಾಂವಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೀಲಿ ಕೊಡುವ ಪೆಟ್ಟಿಗೆ ಗ್ರಾಮಫೋನೊಂದು ಸಿಕ್ಕಿತು. ಒಂದು ಬದಿ ಮುಗಿದರೆ ಹೊಸ ಉಕ್ಕಿನ ಮುಳ್ಳು, ಇನ್ನೊಂದು ಬದಿಗೆ ಮತ್ತೊಂದು. ಒಂದು ಬದಿಗೆ ಮೂರು ನಿಮಿಷದ ಸಂಗೀತ. ಎಡೆಬಿಡದೆ ಕೇಳುವ ಸೌಕರ್ಯ ಅದರಲ್ಲಿಲ್ಲ. ಪ್ರತಿ ಮೂರು ನಿಮಿಷಕ್ಕೊಮ್ಮೆ ಎದ್ದು ಅದರ ಸೇವೆ ಮಾಡಬೇಕು. ಆದುದರಿಂದಲೇ ಮನಸ್ಸು ಬೇರೆಡೆಗೆ ಹರಿಯುವುದಿಲ್ಲ.

ಹನ್ನೆರಡರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂಯಿ ಆರ್ಮ್‌ಸ್ಟ್ರಾಂಗ್ ಅವರ 'ವೆಸ್ಟ್ ಎಂಡ್ ಬ್ಲೂಸ್'. 1928ರ ಜೂನ್‌ನಲ್ಲಿ ಷಿಕಾಗೋದಲ್ಲಿ ಮುದ್ರಿತವಾದದ್ದು; ರಚನೆ ಅವರ ಗುರು ಕಿಂಗ್ ಆಲಿವರ್ ಅವರದು. ಆರಂಭದಲ್ಲಿ ತಾಳವಿಲ್ಲ, ಜೊತೆಯ ವಾದ್ಯವಿಲ್ಲ. ಟ್ರಂಪೆಟ್ ಒಂದೇ ಹದಿನೈದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಮೇಲೇರಿ, ಹೊರಳಿ, ಕೆಳಗಿಳಿದು ನಿಲ್ಲುತ್ತದೆ. ಕೊನೆಯ ಭಾಗದಲ್ಲಿ ಅವರು ಒಂದೇ ಸ್ವರವನ್ನು ಹಿಡಿದು, ಉಸಿರು ಕಟ್ಟುವಷ್ಟು ಹೊತ್ತು ಬಿಡುವುದೇ ಇಲ್ಲ. ಗದುಗಿನ ಆಶ್ರಮದ ಸಂಗೀತೋತ್ಸವಗಳಲ್ಲಿ ತಂದೆಯ ತೊಡೆಯ ಮೇಲೆ ಕುಳಿತು ಆಲಾಪ ಕೇಳಿದ ಕಿವಿಗೆ ಆ ಸ್ವರ ಪರದೇಶದ್ದೆನಿಸಲಿಲ್ಲ. ರಾಗ ಬೇರೆ, ನೆಲ ಬೇರೆ. ಷಡ್ಜದ ಮೇಲೆ ನಿಂತ ಗಾಯಕನ ಧೈರ್ಯ ಮಾತ್ರ ಅದೇ.

ಈ ಸಂಗೀತ ಗೋವಾದ ಗುಜರಿಗೆ ಬಂದದ್ದು ಹೇಗೆ? ಪೋರ್ಚುಗೀಸರ ಕಾಲದಲ್ಲಿ ಇಲ್ಲಿನ ಚರ್ಚುಗಳ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು ಮತ್ತು ಸ್ವರಲಿಪಿ ಕಲಿಸುತ್ತಿದ್ದರು. ಆ ವಿದ್ಯೆಯನ್ನು ನಂಬಿ ಹುಡುಗರು ಮುಂಬಯಿಗೆ ಹೋದರು. ಹೋಟೆಲುಗಳಲ್ಲಿ ಜಾಝ್ ನುಡಿಸಿದರು, ಚಲನಚಿತ್ರಗಳ ವಾದ್ಯವೃಂದಗಳಲ್ಲಿ ಕುಳಿತರು. ಆಲ್ಡೋನಾದ ಆಂಟೋನಿಯೊ ಷೇವಿಯರ್ ವಾಝ್, ಚಿಕ್ ಚಾಕೊಲೇಟ್ ಎಂಬ ಹೆಸರಿನಿಂದ ಭಾರತದ ಆರ್ಮ್‌ಸ್ಟ್ರಾಂಗ್ ಎನಿಸಿಕೊಂಡರು. 1951ರ 'ಅಲ್ಬೇಲಾ' ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಅವರ ಟ್ರಂಪೆಟ್ ಕೂಡಿತು. ಇಂಥ ನೂರಾರು ಜನರಲ್ಲಿ ಹೆಸರು ಉಳಿದದ್ದು ಕೆಲವರದು ಮಾತ್ರ.

ಹೆಸರು ಉಳಿಯದ ಅಂಥ ಒಬ್ಬರ ತಟ್ಟೆಗಳು ನನ್ನ ಮನೆಯಲ್ಲಿದ್ದವು. 'ವೆಸ್ಟ್ ಎಂಡ್ ಬ್ಲೂಸ್'ನ ಕಾಗದದ ಹೊದಿಕೆಯ ಮೇಲೆ ಪೆನ್ಸಿಲಿನಿಂದ ಹೆಸರು, ಬಾರ್ದೇಶದ ಹಳ್ಳಿಯ ವಿಳಾಸ. ಹೊದಿಕೆಯ ಬೆನ್ನಿಗೆ ಐದು ಗೆರೆಗಳ ಮೇಲೆ ಆ ಆರಂಭದ ಸ್ವರಲಿಪಿ. ಅಳಿಸಿ ತಿದ್ದಿ, ಮತ್ತೆ ಅಳಿಸಿ ಬರೆದದ್ದು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ವಿಳಾಸ ಕೈಯಲ್ಲಿತ್ತು. ಎರಡು ಬಸ್ಸು ಬದಲಿಸಿದರೆ ಅಂದೇ ಹೋಗಿ ಬರಬಹುದಾದ ದೂರ. ನಾನು ಹೋಗಲಿಲ್ಲ. ಪರೀಕ್ಷೆ, ಮಳೆ, ಮಗಳ ಮದುವೆ ಎಂದು ನೆಪಗಳನ್ನು ಹೂಡಿದೆ. ನಿಜವಾದ ಕಾರಣ ಒಂದೇ: ಹೋದರೆ ತಟ್ಟೆಯನ್ನು ಹಿಂದಿರುಗಿಸಬೇಕಾದೀತು. ಸಂಗ್ರಾಹಕನ ಲೋಭಕ್ಕೆ ಬೇಕಾದಷ್ಟು ಸಭ್ಯ ಹೆಸರುಗಳಿವೆ. ನಾನು ಅದನ್ನು 'ಸಂರಕ್ಷಣೆ' ಎಂದು ಕರೆದುಕೊಂಡೆ.

2001ರಲ್ಲಿ, ಮೂರು ವರ್ಷಗಳ ನಂತರ, ಪೆಟ್ಟಿಗೆಯನ್ನೂ ತಟ್ಟೆಯನ್ನೂ ಹೊತ್ತು ಆ ಮನೆಯ ಬಾಗಿಲು ತಟ್ಟಿದೆ. ತೆರೆದವರು ಅವರ ಪತ್ನಿ. ಕೊಂಕಣಿಯಲ್ಲಿ ವಿಷಯ ತಿಳಿಸಿ ಹೊದಿಕೆಯನ್ನು ಅವರ ಕೈಗಿತ್ತೆ. ಬಹಳ ಹೊತ್ತು ಅಕ್ಷರಗಳ ಮೇಲೆ ಬೆರಳಾಡಿಸಿದರು. ಮಾಡಿನ ದುರಸ್ತಿಯ ಗಡಿಬಿಡಿಯಲ್ಲಿ ಟ್ರಂಕು ಕಾಣೆಯಾಗಿತ್ತಂತೆ. "ಮಲಗಿದಲ್ಲಿಂದಲೇ ಅದನ್ನು ಕೇಳುತ್ತಿದ್ದರು, ಪುತಾ. ಹೋದ ವರ್ಷ ತೀರಿಕೊಂಡರು," ಎಂದರು.

ಎರಡು ವರ್ಷ ನನಗೆ ಅವಕಾಶವಿತ್ತು. ಆ ಲೆಕ್ಕ ಈಗಲೂ ತಪ್ಪಿಲ್ಲ.

ತಟ್ಟೆ ಹಾಕಲೇ ಎಂದು ಕೇಳಿದೆ. ತಲೆಯಾಡಿಸಿದರು. ಟ್ರಂಪೆಟ್ ಏರಿ ಇಳಿದಾಗ ಅವರು ನಕ್ಕರು. ಮುಂಬಯಿಯಲ್ಲಿ ಗಂಡ ಮೊದಲು ಇದ್ದದ್ದು ತಮ್ಮ ಊರಿನವರ 'ಕುಡ್'ನಲ್ಲಿ. ಗೋವಾದ ಹಳ್ಳಿಗಳವರು ವಲಸೆ ಹೋದ ತಮ್ಮವರಿಗಾಗಿ ಅಲ್ಲಿ ನಡೆಸುತ್ತಿದ್ದ ಬಿಡಾರಗಳವು. ಸಾಲುಸಾಲು ಟ್ರಂಕು, ಒಂದು ದೇವರ ಪೀಠ, ಮಲಗಲು ಚಾಪೆಯಗಲದ ಜಾಗ. ಗ್ರಾಮಫೋನಿನ ವೇಗ ತಗ್ಗಿಸಿ ಇದೇ ತುಣುಕನ್ನು ನೂರು ಸಲ ಕೇಳಿ ಕಲಿಯುವಾಗ ಜೊತೆಯವರು ಬೈಯುತ್ತಿದ್ದರೆಂದು ಅವರು ಹೇಳುತ್ತಿದ್ದರಂತೆ. "ನಿಮ್ಮವರೂ ಹೀಗೆಯೇ ಇಲ್ಲಿಗೆ ಬಂದವರಲ್ಲವೇ?" ಎಂದು ಕೇಳಿದರು. ನನ್ನ ತಂದೆ ಮುರಗಾಂವ್ ಬಂದರಿನಲ್ಲಿ ಅದಿರು ಹೊರಲು ಬಂದು, ಹದಿನಾಲ್ಕು ಜನರೊಡನೆ ಒಂದೇ ಕೋಣೆಯಲ್ಲಿದ್ದ ಕಥೆ ಹೇಳಿದೆ. ಗೋವಾದಲ್ಲಿ 'ಹೊರಗಿನವ' ಎಂಬ ಮಾತನ್ನು ನಾನು ಕೇಳದ ವರ್ಷವಿಲ್ಲ. ಅಂದು ಆ ಮನೆಯಲ್ಲಿ ಅದು ಅಪವಾದವೆನಿಸಲಿಲ್ಲ. ಎರಡು ಮನೆಗಳಿಗೆ ಸಮನಾದ ನೆನಪೆನಿಸಿತು.

ಹೊರಡುವಾಗ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿ, ಹೊದಿಕೆಯನ್ನು ಮಾತ್ರ ಎದೆಗೊತ್ತಿಕೊಂಡರು. "ಹಾಡು ನೀನು ಕೇಳು. ಈ ಕೈಬರಹ ನನಗಿರಲಿ." ನಾನು ಬಚ್ಚಿಟ್ಟುಕೊಂಡದ್ದು ಅವರಿಗೆ ಬೇಕಿರಲಿಲ್ಲ, ಅವರಿಗೆ ಬೇಕಾದದ್ದರ ಬೆಲೆ ನನಗೆ ತಿಳಿದಿರಲಿಲ್ಲ.

ಈಗ ನನ್ನ ಬಳಿ ಇನ್ನೂರಕ್ಕೂ ಹೆಚ್ಚು ತಟ್ಟೆಗಳಿವೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಅಮೆರಿಕದ ಚಾರ್ಲಿ ಮರಿಯಾನೊ 1983ರಲ್ಲಿ ಮುದ್ರಿಸಿದ 'ಜ್ಯೋತಿ'ಯ ಎಲ್‌ಪಿಯೂ ಇದೆ, ಆರ್. ಎ. ರಮಾಮಣಿಯವರ ಕಂಠ ಅದರಲ್ಲಿ ಸ್ಯಾಕ್ಸೊಫೋನಿಗೆ ಸರಿಸಾಟಿಯಾಗಿ ನಡೆಯುತ್ತದೆ. ಯಾವ ತಟ್ಟೆ ಬಂದರೂ ಮೊದಲು ಹೊದಿಕೆಯ ಬರಹ ಓದುತ್ತೇನೆ. ಹೆಸರಿದ್ದರೆ ಆ ವಾರವೇ ಹುಡುಕಿಕೊಂಡು ಹೋಗುತ್ತೇನೆ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಅಟ್ಟಗಳ ಮೇಲೆ ಅಜ್ಜ ತಂದ ನಾಟಕದ ಪದಗಳ ತಟ್ಟೆಗಳಿರಬಹುದು. ಗುಜರಿಗೆ ಹಾಕುವ ಮುನ್ನ ಒಮ್ಮೆ ಹೊದಿಕೆ ತಿರುವಿ ನೋಡಿರಿ. ಬೇಡವೆನಿಸಿದರೆ ನನಗೆ ತಿಳಿಸಿರಿ. ಪೆಟ್ಟಿಗೆಯೊಡನೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ಮೊದಲು ಎಲ್ಲರೂ ಕೂಡಿ ಕೇಳೋಣ.