ಸವೆದ ಪೀಠ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಬೇಸಗೆಯ ಭಾನುವಾರಗಳಂದು ಹಳೆಯ ಕಾರುಗಳ ಪ್ರದರ್ಶನಗಳು ನಡೆಯುವುದುಂಟು. ಅಂತಹದೊಂದು ಹಸುರು ಬಯಲಿಗೆ ವೃದ್ಧನೊಬ್ಬನು ತನ್ನ ಎಂ.ಜಿ. ಟಿ.ಸಿ. ಎಂಬ ಸ್ಪೋರ್ಟ್ಸ್ ಕಾರನ್ನು ವರ್ಷವರ್ಷವೂ ತರುತ್ತಾನೆ. ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1945ರಿಂದ 1949ರ ವರೆಗೆ ಇಂತಹವು ಸುಮಾರು 10,000 ನಿರ್ಮಿತವಾದುವು. 1980ರಲ್ಲಿ ಆ ಕಾರ್ಖಾನೆಯೇ ಮುಚ್ಚಿಹೋಯಿತು. ಎಂಜಿನು 1,250 ಸಿ.ಸಿ.; ಹೊರಗೆ ಉಕ್ಕಿನ ತಗಡು, ಒಳಗೆ ಆಶ್ ಮರದ ಚೌಕಟ್ಟು. ತೇವ ತಗಲಿದರೆ ಮರವು ಕೊಳೆಯುವುದು ಸಹಜವಷ್ಟೆ.

ಆತನು ಕೊಳೆತ ಮರವನ್ನು ಬದಲಿಸಿದನು. ಬಣ್ಣವನ್ನು ಹೊಸದಾಗಿ ಬಳಿಸಿದನು. ಪೀಠದ ಚರ್ಮವನ್ನು ಮಾತ್ರ ಮುಟ್ಟಲಿಲ್ಲ. ಟಿ.ಸಿ.ಯಲ್ಲಿ ಚಾಲಕನ ಸ್ಥಾನವು ಬಲಗಡೆಗೆ. ಅಲ್ಲಿ ಆತನ ತಂದೆಯು ಕುಳಿತು ಕುಳಿತು ಅದು ಸವೆದಿತ್ತು. ಈ ಸಲ ತೀರ್ಪುಗಾರರು ಅದನ್ನೇ ದೋಷವೆಂದೆಣಿಸಿ ಅಂಕಗಳನ್ನು ಕಳೆದರು. ಬಹುಮಾನವು, ಲಾರಿಯ ಮೇಲೆ ಬಂದಿಳಿದು ಕನ್ನಡಿಯಂತೆ ಹೊಳೆಯುತ್ತಿದ್ದ ನೆರೆಯ ಕಾರಿಗೆ ಸಂದಿತು. "ಹೊಸ ಚರ್ಮವನ್ನು ಹೊದಿಸಬಾರದೆ?" ಎಂದು ಸ್ನೇಹಿತರು ಕೇಳಿದರು. ಆತನು ಉತ್ತರ ಕೊಡಲಿಲ್ಲ.

ಜೀರ್ಣೋದ್ಧಾರದಲ್ಲಿ ಎಷ್ಟನ್ನು ಬದಲಿಸಬೇಕೆಂಬುದು ಶಿಲ್ಪಿಗೆ ತಿಳಿದರೆ ಸಾಲದು. ಎಷ್ಟನ್ನು ಬಿಡಬೇಕೆಂಬುದು ಒಡೆಯನಿಗೆ ತಿಳಿಯಬೇಕು. ಸಂಜೆಯಾದ ಮೇಲೆ ಆತನು ಗಾಳಿತಡೆಯ ಗಾಜನ್ನು ಮುಂದಕ್ಕೆ ಮಡಿಸಿ, ತಂದೆಯ ಸ್ಥಾನದಲ್ಲಿ ಕುಳಿತು, ಕಾರನ್ನು ತಾನೇ ನಡಸಿಕೊಂಡು ಮನೆಗೆ ಹೋದನು.